ಹಿಕ್ಕಿ ಸಾಹೇಬರೇ, ಪುರವರಕ್ಕೆ ಬರದಿದ್ದುದಕ್ಕೆ ವಂದನೆಗಳು

ಇವರಿಗೆ,
ಶ್ರೀಮಾನ್ ಥಾಮಸ್ ಹಿಕ್ಕಿಯವರು,
ಭಾವಚಿತ್ರಕಾರರು,
ಹುಟ್ಟೂರು ಡಬ್ಲಿನ್ (1741), ಕೊನೆಯ ಬಿಡಾರ ಮದರಾಸು (1824).

ವಿಷಯ: ತಾವು ಬಾಕಿ ಉಳಿಸಿಕೊಂಡ ಕಾಮಗಾರಿಗಳ ಕುರಿತು.

ಮಾನ್ಯರೇ,

ತುಮಕೂರು ಜಿಲ್ಲೆ, ಮಧುಗಿರಿ ತಾಲ್ಲೂಕು, ಪುರವರ ಹೋಬಳಿಯಿಂದ ಬರೆಯುತ್ತಿದ್ದೇನೆ. ಈ ವಿಳಾಸ ತಮಗೆ ಗೊತ್ತಿರಲಾರದು. ಡಬ್ಲಿನ್, ರೋಮ್, ಲಂಡನ್, ಬಾತ್, ಲಿಸ್ಬನ್, ಕಲ್ಕತ್ತ, ಪೀಕಿಂಗ್, ಮದರಾಸು, ಮೈಸೂರು ಎಂದು ಇಷ್ಟೂ ಊರುಗಳ ನೀರು ಕುಡಿದವರು ತಾವು. ನಮ್ಮ ಕಡೆ ಮಾತ್ರ ತಲೆ ಹಾಕಲಿಲ್ಲ. ಅದಕ್ಕಾಗಿ ಮೊದಲು ವಂದನೆಗಳು. ತಾವು ಬಂದು ನಾಲ್ಕು ಮುಖ ಬರೆದಿಟ್ಟಿದ್ದರೆ ನಮ್ಮ ಹಿರೀಕರು ನಿಜಕ್ಕೂ ಹೇಗಿದ್ದರೆಂದು ಲೋಕಕ್ಕೆ ಗೊತ್ತಾಗಿಬಿಡುತ್ತಿತ್ತು. ಈಗ ಆ ಭಯವಿಲ್ಲ. ನಮ್ಮ ಹೋಬಳಿಯ ಯಾವ ಮನೆಯವರಾದರೂ ತಮ್ಮ ಮುತ್ತಜ್ಜನ ಮುತ್ತಜ್ಜ ಆರಡಿ ಆಳು, ಹುರಿಮೀಸೆಯವನು, ಮಧುಗಿರಿ ಪಾಳೇಗಾರರ ಬಲಗೈ ಎಂದು ಧೈರ್ಯವಾಗಿ ಹೇಳಿಕೊಳ್ಳಬಹುದು. ಅಲ್ಲ ಎನ್ನುವುದಕ್ಕೆ ಚಿತ್ರ ಯಾರ ಹತ್ತಿರವೂ ಇಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ರಸ್ತೆಗೆ ಗುದ್ದಲಿಪೂಜೆ ಆಗುತ್ತದೆ, ಶಂಕುಸ್ಥಾಪನೆಯ ಕಲ್ಲು ನಿಲ್ಲುತ್ತದೆ, ಜಲ್ಲಿ ಬೀಳುತ್ತದೆ, ಆಮೇಲೆ ಜಲ್ಲಿಯ ಮೇಲೆ ಜಾಲಿ ಬೆಳೆಯುತ್ತದೆ. ಇದನ್ನೇ ನೋಡುತ್ತ ಬೆಳೆದವನಿಗೆ ತಮ್ಮ ಚರಿತ್ರೆ ಓದುವಾಗ ತಾವು ಪರದೇಶದವರು ಎಂದು ಅನ್ನಿಸಲೇ ಇಲ್ಲ.

ಮಿಠಾಯಿ ವ್ಯಾಪಾರಿಯ ಮಗನಾಗಿ ಹುಟ್ಟಿ, ಡಬ್ಲಿನ್ನಿನಲ್ಲಿ ಚಿತ್ರ ಕಲಿತು, ಇಟಲಿಯಲ್ಲಿ ಕೈ ಪಳಗಿಸಿ, ಲಂಡನ್ನಿನಲ್ಲಿ ಪೈಪೋಟಿ ಹೆಚ್ಚೆಂದು 1780ರಲ್ಲಿ ಭಾರತಕ್ಕೆ ಹಡಗು ಹತ್ತಿದಿರಿ. ಆ ಹಡಗನ್ನು ಸ್ಪೇನ್ ಮತ್ತು ಫ್ರಾನ್ಸಿನ ನೌಕಾಪಡೆ ನಡುಗಡಲಲ್ಲೇ ಹಿಡಿಯಿತು. ಬೇರೆಯವರಾಗಿದ್ದರೆ ಊರಿಗೆ ವಾಪಸಾಗುತ್ತಿದ್ದರು. ತಾವು ಲಿಸ್ಬನ್ನಿಗೆ ಹೋಗಿ, ಬಣ್ಣದ ಪೆಟ್ಟಿಗೆ ಬಿಚ್ಚಿ, ಅಲ್ಲೇ ಕೆಲವು ವರ್ಷ ಬಾಳಿದಿರಿ. ಎಲ್ಲಿ ಬಿದ್ದರೂ ಎದುರಿಗೊಂದು ಮುಖ, ಆ ಮುಖಕ್ಕೊಂದು ಜೇಬು ಇದ್ದೇ ಇರುತ್ತದೆ ಎಂಬ ತಮ್ಮ ನಂಬಿಕೆಯನ್ನು ಮೆಚ್ಚಲೇಬೇಕು.

1784ರಲ್ಲಿ ಕಲ್ಕತ್ತ ತಲುಪಿ, 1788ರಲ್ಲಿ ಚಿತ್ರ ಮತ್ತು ಶಿಲ್ಪಕಲೆಗಳ ಇತಿಹಾಸವೊಂದನ್ನು ಅಚ್ಚು ಹಾಕಿಸಿದಿರಿ. ಮೊದಲ ಸಂಪುಟ ಬಂತು. ಎರಡನೆಯದಕ್ಕೆ ಲೋಕ ಇನ್ನೂ ಕಾಯುತ್ತಿದೆ. 1792ರಲ್ಲಿ ಲಾರ್ಡ್ ಮೆಕಾರ್ಟ್ನಿಯ ರಾಯಭಾರಿ ತಂಡ ಚೀನಾ ಚಕ್ರವರ್ತಿಯನ್ನು ಕಾಣಲು ಹೊರಟಿತು. ಆತನೂ ಐರ್ಲೆಂಡಿನವನು, ತಾವೂ ಐರ್ಲೆಂಡಿನವರು. ಅಧಿಕೃತ ಚಿತ್ರಕಾರನ ಹುದ್ದೆ ತಮಗೆ ದಕ್ಕಿತು. ಹುದ್ದೆ ತಮ್ಮದು, ಚಿತ್ರಗಳು ಮಾತ್ರ ಕೆಳಗಿನ ದರ್ಜೆಯಲ್ಲಿದ್ದ ಯುವಕ ವಿಲಿಯಂ ಅಲೆಕ್ಸಾಂಡರನವು. ಚೀನಾದ ದೋಣಿ, ಸೇತುವೆ, ಸಿಪಾಯಿ, ಬೀದಿ ವ್ಯಾಪಾರಿ ಎಂದು ಆತ ನೂರಾರು ಹಾಳೆ ತುಂಬಿಸಿದ. ತಾವು ಬರೆದವು ಬೆರಳೆಣಿಕೆಯಷ್ಟು. ಮೇಲಿನವರಿಗೆ ಪದನಾಮ, ಕೆಳಗಿನವರಿಗೆ ಕೆಲಸ ಎಂಬ ಏರ್ಪಾಡು ನಮ್ಮ ತಾಲ್ಲೂಕು ಕಚೇರಿಯ ಆವಿಷ್ಕಾರವೆಂದು ತಿಳಿದಿದ್ದೆವು. ಅದು ಪೀಕಿಂಗಿನವರೆಗೂ ನಡೆದಿತ್ತೆಂದು ತಮ್ಮಿಂದ ತಿಳಿದುಬಂತು.

ಆಮೇಲಿನದು ನಮ್ಮ ಸೀಮೆಯ ಕಥೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆಗ ತಾವು ಮತ್ತೆ ಭಾರತಕ್ಕೆ ಬಂದು ಮದರಾಸಿನಲ್ಲಿದ್ದಿರಿ. ಗೆದ್ದವರ ಮುಖಗಳೆಲ್ಲ ಒಂದೇ ಜಾಗದಲ್ಲಿ, ಅದೂ ಲೂಟಿಯ ಪಾಲು ಜೇಬಿನಲ್ಲಿರುವಾಗಲೇ ಸಿಗುವ ಕಾಲ ಚಿತ್ರಕಾರನಿಗೆ ಜನ್ಮಕ್ಕೊಮ್ಮೆ ಬರುತ್ತದೆ. ಆ ಯುದ್ಧದ ಮೇಲೆ ಏಳು ದೊಡ್ಡ ಚಿತ್ರಗಳನ್ನು ಬರೆಯುವುದಾಗಿ ಘೋಷಿಸಿದಿರಿ. ಆ ಚಿತ್ರಗಳಲ್ಲಿ ನಿಲ್ಲಿಸಲು ಕಂಪನಿಯ ಅಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಇದ್ದಿಲು ಮತ್ತು ಸೀಮೆಸುಣ್ಣದಲ್ಲಿ ಐವತ್ತಕ್ಕೂ ಹೆಚ್ಚು ಮುಖಗಳನ್ನು ಬರೆದುಕೊಂಡಿರಿ. ಮುಖಗಳು ತಯಾರಾದವು, ಯುದ್ಧ ತಯಾರಾಗಲಿಲ್ಲ. ಏಳು ಚಿತ್ರಗಳ ಯೋಜನೆ ಪೂರ್ತಿಯಾಗಲೇ ಇಲ್ಲ. ನಮ್ಮ ಗುತ್ತಿಗೆದಾರರು ಜಲ್ಲಿಯವರೆಗಾದರೂ ಬರುತ್ತಾರೆ ಎಂದು ಅವರ ಪರವಾಗಿ ಇಲ್ಲಿ ನಮೂದಿಸಬೇಕಾಗಿದೆ.

ಆದರೂ ತಮ್ಮ ಆಯ್ಕೆಯಲ್ಲಿ ಬುದ್ಧಿ ಇತ್ತು. ಎಣ್ಣೆಬಣ್ಣ ಒಣಗಲು ದಿನಗಟ್ಟಲೆ ಬೇಕು. ಸೀಮೆಸುಣ್ಣಕ್ಕೆ ಆ ಗೊಡವೆ ಇಲ್ಲ. ನಾಳೆ ಬೇರೆ ಠಾಣ್ಯಕ್ಕೆ ಹೊರಡುವ ಅಧಿಕಾರಿ ಇವತ್ತು ಸ್ವಲ್ಪ ಹೊತ್ತು ಕುಳಿತರೆ ಸಾಕು, ಹುಬ್ಬು, ಕೆನ್ನೆ, ಅಹಂಕಾರ ಎಲ್ಲವೂ ಕಾಗದದ ಮೇಲೆ ಇಳಿದಿರುತ್ತದೆ. ಸಾಮಾನೂ ದುಬಾರಿಯದಲ್ಲ. ಇದ್ದಿಲು ನಮ್ಮ ಒಲೆಯಲ್ಲಿದೆ, ಸುಣ್ಣ ನಮ್ಮ ಗೋಡೆಯ ಮೇಲಿದೆ, ಹಬ್ಬಕ್ಕೆ ಮನೆಗೆ ಬಳಿಯುವ ಜಾಜಿನ ಕೆಂಪು ನಿಮ್ಮವರು ಬಳಸುತ್ತಿದ್ದ ಕೆಂಪು ಸೀಮೆಸುಣ್ಣದ ಒಳಗೂ ಇರುವ ಅದೇ ಕಬ್ಬಿಣದ ಮಣ್ಣು. ಪುರವರದ ಮುಖಗಳನ್ನು ಬರೆಯುವುದಕ್ಕೆ ಬೇಕಾದ ಬಣ್ಣವೆಲ್ಲ ಪುರವರದಲ್ಲೇ ಇತ್ತು. ಬರೆಸುವವರು ಮಾತ್ರ ಇರಲಿಲ್ಲ.

ಈ ಮಾತಿಗೆ ಬಂದಾಗ ತಮಗಿಂತ ಹಿರಿಯರಾದ ಜಿನೀವಾದ ಝಾನ್ ಎಟಿಯೆನ್ ಲಿಯೊಟಾರ್ ನೆನಪಾಗುತ್ತಾರೆ. 1702ರಲ್ಲಿ ಹುಟ್ಟಿದವರು. ಬಣ್ಣದ ಪುಡಿಯನ್ನು ಸ್ವಲ್ಪವೇ ಅಂಟು ಸೇರಿಸಿ ಕಡ್ಡಿ ಮಾಡಿದ ಪ್ಯಾಸ್ಟೆಲ್ ಅವರ ಕೈಯ ಸಾಧನ. ಇಸ್ತಾಂಬುಲ್ಲಿನಲ್ಲಿ ನಾಲ್ಕು ವರ್ಷ ಇದ್ದು ಬಂದವರು ತುರ್ಕಿ ಅಂಗಿ ತೊಟ್ಟು, ಎದೆಯವರೆಗೆ ಗಡ್ಡ ಬಿಟ್ಟುಕೊಂಡೇ ವಿಯೆನ್ನಾ, ಪ್ಯಾರಿಸ್, ಲಂಡನ್ ಸುತ್ತಿದರು. ಜನ ಅವರನ್ನು ತುರ್ಕಿ ಚಿತ್ರಕಾರ ಎಂದೇ ಕರೆದರು. ವೇಷವೇ ಅರ್ಧ ವ್ಯಾಪಾರ. ಸಾಮ್ರಾಜ್ಞಿ ಮರಿಯಾ ತೆರೇಸಾಳನ್ನೂ, 1762ರಲ್ಲಿ ಆಕೆಯ ಮಕ್ಕಳನ್ನೂ ಬರೆದರು. ಅಷ್ಟೆಲ್ಲ ಕಿರೀಟಗಳ ನಡುವೆ ಲಿಯೊಟಾರ್ ಹೆಸರು ಹೇಳಿದಾಗ ಇವತ್ತು ಜನಕ್ಕೆ ನೆನಪಾಗುವುದು ಯಾರು? ಡ್ರೆಸ್ಡನ್ ಗ್ಯಾಲರಿಯಲ್ಲಿರುವ, ಚರ್ಮಪತ್ರದ ಮೇಲೆ ಪ್ಯಾಸ್ಟೆಲ್ಲಿನಲ್ಲಿ ಮೂಡಿದ, ಟ್ರೇಯಲ್ಲಿ ಒಂದು ಬಟ್ಟಲು ಚಾಕೊಲೇಟು, ಒಂದು ಲೋಟ ನೀರು ಹಿಡಿದು ಒಡೆಯರಿಗೆ ಕೊಡಲು ಹೊರಟ ಕೆಲಸದ ಹುಡುಗಿ. ಕೂತವರು ಹಿಂದೆ ಬಿದ್ದರು, ನಡೆಯುತ್ತಿದ್ದವಳು ಮುಂದೆ ಹೋದಳು. ತಮ್ಮ ಲೆಕ್ಕದಲ್ಲೂ ಹೀಗೇ ಆಗಿದೆ ಎಂದು ತಿಳಿಸುವುದೇ ಈ ಪತ್ರದ ಉದ್ದೇಶ.

ಮೊದಲಿಗೆ, ಆ ಐವತ್ತು ಚಿಲ್ಲರೆ ಅಧಿಕಾರಿಗಳು. ಅವರೆಲ್ಲ ಈಗ ಇಂಗ್ಲೆಂಡಿನ ಸ್ಟ್ರಾಟ್‌ಫೀಲ್ಡ್ ಸೇ ಎಂಬ, ವೆಲಿಂಗ್ಟನ್ ಮನೆತನದ ಬಂಗಲೆಯಲ್ಲಿದ್ದಾರೆ. ಗೆದ್ದವರು ಗೆದ್ದವರ ಮನೆ ಸೇರಿಕೊಂಡಿದ್ದಾರೆ. ಅವರ ಹೆಸರುಗಳನ್ನು ಇವತ್ತು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿರಲಿ, ಮೈಸೂರಿನಲ್ಲೂ ಯಾರೂ ಕೇಳುವುದಿಲ್ಲ.

ಅದೇ ಕಾಲದಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯವರಿಗಾಗಿ ಸೋತವರನ್ನೂ ಬರೆದಿರಿ. ಟಿಪ್ಪುವಿನ ಮಕ್ಕಳ ಮುಖಗಳು ಕಲ್ಕತ್ತದ ಸರ್ಕಾರಿ ಭವನದ ಗೋಡೆ ಸೇರಿದವು. ಮಕ್ಕಳು ವೆಲ್ಲೂರು ಕೋಟೆಯಲ್ಲಿದ್ದರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ಅವರನ್ನೂ ಕಲ್ಕತ್ತಕ್ಕೆ ಸಾಗಿಸಿದರು. ಚಿತ್ರ ಮೊದಲು ಹೋಯಿತು, ಮನುಷ್ಯರು ಹಿಂದಿನಿಂದ ಹೋದರು. ಕಂಪನಿಯ ಕಾರುಬಾರು ಅಷ್ಟು ಅಚ್ಚುಕಟ್ಟು. ಬೇಟೆಯಾಡಿದ ಹುಲಿಯ ತಲೆ ತೂಗುಹಾಕುವ ಗೋಡೆಗೆ ಎಂದು ಬರೆಸಿದ ಆ ಮುಖಗಳಲ್ಲಿ ತಾವು ಸೋಲನ್ನು ಸರಿಯಾಗಿ ಕಾಣಿಸಲಿಲ್ಲ. ಅವು ಸೆಟೆದು, ಸಮಾಧಾನದಿಂದ, ನೋಡುವವನನ್ನೇ ವಿಚಾರಣೆಗೆ ಕರೆದಂತೆ ನೋಡುತ್ತವೆ. ಕೊಟ್ಟ ಕೆಲಸದಲ್ಲಿ ಇದೊಂದು ಲೋಪ.

ಪೂರ್ಣಯ್ಯನವರನ್ನೂ ಬರೆದಿರಿ. ಹೈದರನಿಗೆ ಲೆಕ್ಕ ಬರೆದವರು, ಟಿಪ್ಪುವಿಗೆ ಲೆಕ್ಕ ಒಪ್ಪಿಸಿದವರು, ಆಮೇಲೆ ಕಂಪನಿಯವರು ಐದು ವರ್ಷದ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದಾಗ ದಿವಾನರಾಗಿ ಆ ಲೆಕ್ಕವನ್ನೂ ನೋಡಿಕೊಂಡವರು. ಮೂರು ಆಳ್ವಿಕೆಯನ್ನು ದಾಟಿಬಂದ ಮುಖವನ್ನು ಎದುರಿಗೆ ಕೂರಿಸಿಕೊಂಡು ತಾವು ಏನು ಹುಡುಕಿದಿರೋ ಕಾಣೆ. ಆ ಚಿತ್ರ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ಮೈಸೂರಿನ ದಿವಾನರ ಮುಖ ನೋಡಬೇಕಾದರೆ ಮೈಸೂರಿನವರಿಗೆ ವೀಸಾ ಬೇಕು.

ಇನ್ನು ಮೂವರು ಹೆಂಗಸರು. 1805ರ ಸುಮಾರಿಗೆ ಮೈಸೂರಿನಲ್ಲಿ ತಾವು ಬರೆದ ಆ ದೊಡ್ಡ ಎಣ್ಣೆಚಿತ್ರವನ್ನು ಬಹುಕಾಲ ನರ್ತಕಿಯರ ಚಿತ್ರವೆಂದು ಕರೆದರು. ಪರದೆಯಿಲ್ಲದೆ ನಿಂತ ಹೆಂಗಸರು ಮತ್ತೇನು ಆಗಿರಲು ಸಾಧ್ಯ ಎಂಬುದು ಖರೀದಿದಾರರ ತರ್ಕ. ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರು ಬೇರೆ ಮಾತು ಹೇಳಿದ್ದಾರೆ: ಇವರು ಅರಮನೆಯ ಹೆಂಗಸರು, ನಡುವೆ ನಿಂತವರು ರಾಜಮಾತೆ ಲಕ್ಷ್ಮಮ್ಮಣ್ಣಿ, ಎರಡೂ ಕಡೆ ಬಾಲಕ ಮಹಾರಾಜರ ರಾಣಿಯರು. ಒಬ್ಬಾಕೆ ಸೀರೆಯ ಅಂಚು ಸರಿಸಿ ತೋರಿಸುತ್ತಿರುವುದು ಸಿಡುಬಿನ ಹೊಸ ಲಸಿಕೆ ಹಾಕಿಸಿಕೊಂಡ ಜಾಗ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಒಪ್ಪಿದರೆ ಮಾತ್ರ ಇದು ನಮ್ಮ ರಾಜ್ಯದ ಮೊಟ್ಟಮೊದಲ ಆರೋಗ್ಯ ಇಲಾಖೆಯ ಜಾಹೀರಾತು. ಜೆನ್ನರ್ ಗೋಸಿಡುಬಿನ ಪ್ರಯೋಗ ಮಾಡಿದ್ದು 1796ರಲ್ಲಿ, ಭಾರತದಲ್ಲಿ ಮೊದಲ ಮಗುವಿಗೆ ಲಸಿಕೆ ಬಿದ್ದದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ. ಸಿಡುಬು ಎಂದರೆ ಅಮ್ಮ ಬಂದಿದ್ದಾಳೆ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದ, ಮಧುಗಿರಿಯ ದಂಡಿನ ಮಾರಮ್ಮನಿಗೆ ಹರಕೆ ಹೊರುತ್ತಿದ್ದ ನಾಡಿಗೆ ಮೂರೇ ವರ್ಷದಲ್ಲಿ ಹಸುವಿನ ಕೀವಿನ ವಿಷಯ ಒಪ್ಪಿಸಬೇಕಿತ್ತು. ಕಂಪನಿಯ ಡಾಕ್ಟರ ಮಾತಿನಿಂದ ಆಗದ್ದನ್ನು ರಾಣಿಯ ತೋಳಿನಿಂದ ಮಾಡಿಸಲು ಹೊರಟವರ ಜಾಣತನ ದೊಡ್ಡದು. ತೋಳು ತೋರಿಸಿದವರ ಧೈರ್ಯ ಅದಕ್ಕಿಂತ ದೊಡ್ಡದು.

ಇಲ್ಲಿ ನಮ್ಮ ಹೋಬಳಿಯ ಪರವಾಗಿ ಒಂದು ಸಣ್ಣ ತಕರಾರು ಇದೆ. ರಾಣಿ ನಮ್ಮ ಕಡೆಯೂ ಇದ್ದರು. 1763ರಲ್ಲಿ ಹೈದರಾಲಿ ಬಿದನೂರು ಗೆದ್ದು, ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಅವರ ದತ್ತುಮಗನನ್ನೂ ತಂದಿಟ್ಟದ್ದು ಇದೇ ಮಧುಗಿರಿಯ ಬೆಟ್ಟದ ಮೇಲೆ. 1767ರಲ್ಲಿ ಪೇಶ್ವೆ ಮಾಧವರಾಯ ಕೋಟೆ ಗೆದ್ದು ಬಿಡಿಸುವವರೆಗೂ ಅವರು ಅಲ್ಲೇ ಇದ್ದರು, ಪುಣೆಯ ದಾರಿಯಲ್ಲಿ ತೀರಿಕೊಂಡರು. ಆ ಹೊತ್ತಿಗೆ ತಾವು ಇಟಲಿಯಲ್ಲಿ ಹಳೆಯ ಶಿಲ್ಪಗಳ ಮೂಗು ತಿದ್ದಿ ಅಭ್ಯಾಸ ಮಾಡುತ್ತಿದ್ದಿರಿ. ತಮ್ಮನ್ನು ದೂರುವಂತಿಲ್ಲ. ಸೆರೆಯಲ್ಲಿದ್ದ ರಾಣಿಯ ಚಿತ್ರದಿಂದ ಯಾರಿಗೂ ಲಾಭವಿರಲಿಲ್ಲ, ಯಾರೂ ಚಿತ್ರಕಾರನನ್ನು ಬೆಟ್ಟ ಹತ್ತಿಸಲಿಲ್ಲ. ಈಗ ಶನಿವಾರ, ಭಾನುವಾರ ಬೆಂಗಳೂರಿನ ಹುಡುಗ ಹುಡುಗಿಯರು ಆ ಏಕಶಿಲೆಯನ್ನು ಹತ್ತಿ ತಮ್ಮ ಮುಖ ತಾವೇ ತೆಗೆದುಕೊಂಡು ಇಳಿಯುತ್ತಾರೆ. ರಾಣಿಯೊಬ್ಬರ ಮುಖ ಕಳೆದುಹೋದ ಜಾಗದಲ್ಲಿ ದಿನಕ್ಕೆ ಸಾವಿರ ಮುಖ ಬೆಳೆಯುತ್ತಿವೆ.

ಈಗ ಮುಖ್ಯ ವಿಷಯ. 1816ರಲ್ಲಿ, ಎಪ್ಪತ್ತೈದರ ಆಸುಪಾಸಿನಲ್ಲಿ, ಮದರಾಸಿನಲ್ಲಿ ತಾವು ಕರ್ನಲ್ ಕಾಲಿನ್ ಮೆಕೆಂಜಿಯನ್ನು ಬರೆದಿರಿ. 1799ರ ನಂತರ ವರ್ಷಗಟ್ಟಲೆ ಮೈಸೂರು ಸೀಮೆಯನ್ನು ಅಳೆಸಿದವರು ಅವರು. ನಮ್ಮ ಬೆಟ್ಟ, ಕೆರೆ, ಗಡಿಗಳು ಮೊದಲ ಸಲ ಅಳತೆಗೆ ಸಿಕ್ಕಿದ್ದು ಆ ಕಾಲದಲ್ಲಿ. ಅಳೆಯುವುದರ ಜೊತೆಗೆ ಊರೂರಿನ ಶಾನುಭೋಗರ, ಪಾಳೇಗಾರರ ಮನೆಯ ಕೈಫಿಯತ್ತುಗಳನ್ನೂ, ಎಂದರೆ ಊರಿನ ಚರಿತ್ರೆಯ ಬರಹಗಳನ್ನೂ, ಶಾಸನಗಳನ್ನೂ ಬರೆಸಿಕೊಂಡರು. ಅವರ ಸಂಗ್ರಹವನ್ನು ಎಣಿಸಿದವರು 8,076 ಶಾಸನಗಳು, 6,218 ನಾಣ್ಯಗಳು, 2,630 ಚಿತ್ರಗಳು ಎಂದು ಲೆಕ್ಕ ಕೊಟ್ಟರು. ಇಷ್ಟು ಸಂಗ್ರಹಿಸಿದ ಕರ್ನಲ್‌ಗೆ ಇಲ್ಲಿನ ಭಾಷೆಗಳು ಬರುತ್ತಿರಲಿಲ್ಲ. ಅದನ್ನು ಅವರೇ ಬರೆದುಕೊಂಡಿದ್ದಾರೆ.

ಹಾಗಾದರೆ ಓದಿದವರು ಯಾರು? ಉತ್ತರ ತಮ್ಮ ಚಿತ್ರದಲ್ಲೇ ಇದೆ. ನಡುವೆ ಕೆಂಪು ಕೋಟಿನ ಕರ್ನಲ್. ಸುತ್ತ ಮೂವರು. ತಾಳೆಗರಿ ಹಿಡಿದವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಇನ್ನೊಬ್ಬರು ಕಾವಲಿ ವೆಂಕಟ ಲಕ್ಷ್ಮಯ್ಯ, ತೆಲುಗು ವಿದ್ವಾಂಸರು. ದುರ್ಬೀನು ಹಿಡಿದವನು ಜವಾನ ಕಿಸ್ತ್ನಾಜಿ. ದೂರದ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟ. ಈ ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಸಾಹೇಬರೇ, ಈ ರಚನೆ ನಮಗೆ ಚೆನ್ನಾಗಿ ಗೊತ್ತು. ಪುರವರದಿಂದ ಮಧುಗಿರಿಯವರೆಗೆ ಯಾವ ಸರ್ಕಲ್ಲಿನಲ್ಲಿ ನಿಂತರೂ ಇದೇ ಕಾಣುತ್ತದೆ. ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸು. ನಡುವೆ ಮುಖಂಡರ ಮುಖ, ಎತ್ತಿನಗಾಡಿಯ ಚಕ್ರದಷ್ಟು. ಕೆಳಗೆ ‘ಶುಭ ಕೋರುವವರು’ ಎಂಬ ಸಾಲಿನಲ್ಲಿ ಸಣ್ಣ ಸಣ್ಣ ಮುಖಗಳು, ಎಲ್ಲರ ಬಣ್ಣವೂ ಎರಡು ಸುತ್ತು ಬೆಳ್ಳಗೆ. ವ್ಯತ್ಯಾಸ ಇಷ್ಟೆ. ಫ್ಲೆಕ್ಸಿನಲ್ಲಿ ಕೆಳಗಿನ ಸಾಲಿನವರು ತಮ್ಮ ಮುಖಕ್ಕೆ ತಾವೇ ದುಡ್ಡು ಕೊಟ್ಟಿರುತ್ತಾರೆ. ಕಿಸ್ತ್ನಾಜಿ ಕೊಟ್ಟಿರಲಿಲ್ಲ. ಜವಾನನೊಬ್ಬ ಕರ್ನಲ್ ಜೊತೆಗೆ ಒಂದೇ ಚೌಕಟ್ಟಿನಲ್ಲಿ ನಿಂತು, ಅವನ ಹೆಸರೂ ಉಳಿದುಕೊಂಡಿದೆ. ನಮ್ಮ ಕಚೇರಿಗಳ ಎಷ್ಟು ಗ್ರೂಪ್ ಫೋಟೊಗಳಲ್ಲಿ ಜವಾನನ ಹೆಸರಿದೆ? ನಿಂತವರು ಎಡದಿಂದ ಬಲಕ್ಕೆ ಎಂದು ಶುರುವಾಗುವ ಸಾಲು ಅವನ ಹತ್ತಿರ ಬರುವ ಹೊತ್ತಿಗೆ ‘ಮತ್ತು ಸಿಬ್ಬಂದಿ’ ಎಂದು ಮುಗಿಯುತ್ತದೆ.

ತಾವು ಇದನ್ನು ಉದಾರಬುದ್ಧಿಯಿಂದ ಮಾಡಿದಿರಿ ಎಂದು ಹೊಗಳಲು ನನಗೆ ಆಧಾರವಿಲ್ಲ. ದುಡ್ಡು ಕೊಟ್ಟವರು ನಿಲ್ಲಿಸಿದರು, ತಾವು ಬರೆದಿರಿ. ಆದರೆ ಮುಖ ಬರೆಯುವವನ ಕೈಗೆ ಒಂದು ದೌರ್ಬಲ್ಯವಿದೆ. ಎದುರಿಗೆ ನಿಂತವನ ಸಂಬಳ ಎಷ್ಟೆಂದು ಅದಕ್ಕೆ ತಿಳಿಯುವುದಿಲ್ಲ. ಕರ್ನಲ್ ಕಣ್ಣಿಗೆ ಕೊಟ್ಟ ಗಮನವನ್ನೇ ಅದು ಜವಾನನ ಕಣ್ಣಿಗೂ ಕೊಟ್ಟುಬಿಡುತ್ತದೆ. ಗೆದ್ದವರ ಯುದ್ಧಚಿತ್ರ ಬರೆಯಲು ಹೊರಟ ತಮ್ಮಿಂದ ಉಳಿದದ್ದು ಸೋತವರ ಮಕ್ಕಳು, ಸೀರೆ ಸರಿಸಿದ ರಾಣಿ, ತಾಳೆಗರಿಯ ಧರ್ಮಯ್ಯ. ಬಾಕಿ ಉಳಿದದ್ದು ಪ್ರಶಸ್ತಿಗೆಂದು ಹೊರಟ ಕೆಲಸ. ಹಾಗಾಗಿ ಮೇಲೆ ಹೇಳಿದ ಏಳು ಚಿತ್ರಗಳ ಬಾಕಿಯನ್ನು ನಮ್ಮ ಹೋಬಳಿಯ ಮಟ್ಟಿಗೆ ಮನ್ನಾ ಮಾಡಲಾಗಿದೆ. ಎರಡನೆಯ ಸಂಪುಟವೂ ಬೇಡ.

ಒಂದು ಕೆಲಸ ಮಾತ್ರ ಮಾಡಿಕೊಡಬೇಕು. ಮೆಕೆಂಜಿ 1821ರಲ್ಲಿ ತೀರಿಕೊಂಡರು. ಸಂಗ್ರಹವನ್ನು ಸರ್ಕಾರ ಒಂದು ಲಕ್ಷ ರೂಪಾಯಿಗೆ ಅವರ ಹೆಂಡತಿಯಿಂದ ಕೊಂಡಿತು. ಆ ಕೆಲಸವನ್ನು ಮುಂದುವರಿಸುತ್ತೇನೆಂದು ಲಕ್ಷ್ಮಯ್ಯ ಕೇಳಿಕೊಂಡಾಗ, ಏಷ್ಯಾಟಿಕ್ ಸೊಸೈಟಿಯಲ್ಲಿ ಜೇಮ್ಸ್ ಪ್ರಿನ್ಸೆಪ್ ಅವರಿಗೆ ಈ ದೇಶದವರೊಬ್ಬರಲ್ಲಿ ಅಂಥ ಯೋಗ್ಯತೆ ಕಾಣಲಿಲ್ಲ. ಯಾರ ಕಣ್ಣಿನಿಂದ ಕರ್ನಲ್ ಓದಿದರೋ ಅವರಿಗೇ ಓದಲು ಬರುವುದಿಲ್ಲ ಎಂದಂತಾಯಿತು. ಮೆಕೆಂಜಿಯ ಸಂಗ್ರಹದಲ್ಲಿದ್ದ ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ‘ಕರ್ನಾಟಕದ ಕೈಫಿಯತ್ತುಗಳು’ ಎಂದು ಸಂಪಾದಿಸಿಕೊಟ್ಟದ್ದು ಇಪ್ಪತ್ತನೆಯ ಶತಮಾನದ ಕೊನೆಗೆ. ಅಲ್ಲಿಯವರೆಗೂ ಅವು ಬೀರುಗಳಲ್ಲಿ ಸರತಿ ಕಾದವು. ಸರ್ಕಾರಿ ಕಡತಕ್ಕೆ ಇದೇನೂ ದೊಡ್ಡ ವಿಳಂಬವಲ್ಲ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ. ಲಂಡನ್ನಿನಲ್ಲಿರುವ ಆ ಚಿತ್ರದ ಕೆಳಗೆ ಈಗ ‘ಕರ್ನಲ್ ಕಾಲಿನ್ ಮೆಕೆಂಜಿ ಮತ್ತು ಅವರ ಭಾರತೀಯ ಸಹಾಯಕರು’ ಎಂಬ ಅರ್ಥದ ಹೆಸರಿದೆ. ಚಿತ್ರ ಮುಟ್ಟುವುದು ಬೇಡ, ಬಣ್ಣ ತಿದ್ದುವುದು ಬೇಡ, ಕರ್ನಲ್ ಕೋಟು ಎಷ್ಟು ಕೆಂಪಗಿದೆಯೋ ಅಷ್ಟೇ ಇರಲಿ. ಹೆಸರನ್ನು ಮಾತ್ರ ‘ಧರ್ಮಯ್ಯ, ಲಕ್ಷ್ಮಯ್ಯ, ಕಿಸ್ತ್ನಾಜಿ ಮತ್ತು ಅವರ ಕರ್ನಲ್’ ಎಂದು ಬದಲಾಯಿಸಲು ತಮ್ಮ ಒಪ್ಪಿಗೆ ಬೇಕಾಗಿದೆ. ಮೂವತ್ತು ದಿನಗಳೊಳಗೆ ತಮ್ಮಿಂದ ಉತ್ತರ ಬರದಿದ್ದಲ್ಲಿ ಆಕ್ಷೇಪಣೆ ಏನೂ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು.

ಇತಿ ತಮ್ಮ ವಿಶ್ವಾಸಿ,
ಪುರವರ ಹೋಬಳಿಯ ಒಬ್ಬ ನಿವಾಸಿ

ಪ್ರತಿಗಳು: ಶ್ರೀ ಕಿಸ್ತ್ನಾಜಿ, ಜವಾನರು, ಅವರ ಮಾಹಿತಿಗಾಗಿ. ಅವರಿಗೆ ಬರುವ ಪ್ರತಿಯನ್ನು ಅವರೇ ಹೊತ್ತು ತರಬೇಕಾಗಿಲ್ಲ.